ವಕ್ರೀಭವನ ಮತ್ತು ವಧೂಪರೀಕ್ಷೆ

‘ವಕ್ರೀಭವನ’ ಎಂಬ ಪದವನ್ನು ಕರಿಹಲಗೆಯ ಮೇಲೆ ಬರೆದಾಗಲೆಲ್ಲ ನನಗೆ ಒಳಗೊಳಗೇ ನಗು. ಸಮುದಾಯ ಭವನ, ಶಿಕ್ಷಕರ ಭವನಗಳ ಸಾಲಿಗೆ ಸೇರಿದ, ಗೋಡೆ ಕೊಂಚ ವಾಲಿದ ಇನ್ನೊಂದು ಸರ್ಕಾರಿ ಕಟ್ಟಡದ ಹೆಸರಿನಂತೆ ಅದು ಕೇಳಿಸುತ್ತದೆ. ಹಗರಿಬೊಮ್ಮನಹಳ್ಳಿಯಲ್ಲಿ ವಿಜ್ಞಾನದ ಮೇಷ್ಟ್ರಾಗಿ ತಲೆಗೂದಲನ್ನೂ ಸೀಮೆಸುಣ್ಣದ ಬಣ್ಣಕ್ಕೆ ತಂದುಕೊಂಡಿರುವ ನಾನು, ಬೆಳಕು ಗಾಳಿಯಿಂದ ಗಾಜಿಗೆ ಓರೆಯಾಗಿ ದಾಟುವಾಗ ದಾರಿ ಬದಲಿಸುತ್ತದೆ ಎಂಬ ಈ ಸಂಗತಿಯನ್ನು ಎಷ್ಟೋ ತಂಡದ ಮಕ್ಕಳಿಗೆ ಹೇಳಿದ್ದೇನೆ. ಆದರೆ ಅದರಿಂದ ಮನುಷ್ಯರಿಗೆ ಏನಾಗಬೇಕಾಗಿದೆ ಎಂಬುದು ಮನದಟ್ಟಾದದ್ದು ಕೊಟ್ಟೂರಿನ ನನ್ನ ಅಕ್ಕನ ಮನೆಯಲ್ಲಿ, ಅವಳ ಮಗಳು ಶೈಲಾಳನ್ನು ನೋಡಲು ಗಂಡಿನ ಕಡೆಯವರು ಬಂದ ದಿನ.

ಶೈಲಾ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಟೆಕ್ನಿಷಿಯನ್. ಮೈಕ್ರೋಸ್ಕೋಪಿನಲ್ಲಿ ರಕ್ತದ ಕಣಗಳನ್ನು ಗುರುತಿಸುವ ಈ ಹುಡುಗಿಗೆ ಕನ್ನಡಕವಿಲ್ಲದಿದ್ದರೆ ಎದುರಿಗೆ ಕೂತವರ ಮುಖವೂ ಮಂಜು. ಹಿಂದೊಮ್ಮೆ ನೋಡಲು ಬಂದವರು ಅವಳ ಕನ್ನಡಕದ ದಪ್ಪ ಗಾಜು ಕಂಡು ‘ಸೋಡಾ ಬಾಟಲಿ’ ಎಂದು ಪಿಸುಗುಟ್ಟಿ ಎದ್ದುಹೋಗಿದ್ದರು. ಆ ಮಾತು ಅಕ್ಕನ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು.

“ಒಂದು ಗಳಿಗಿ ಚಷ್ಮಾ ತೆಗದಿಡವ್ವ,” ಅಂದಳು ಅಕ್ಕ.

“ನನಗ ಯಾರೂ ಕಾಣಂಗಿಲ್ಲಮ್ಮ.”

“ನೀನು ನೋಡೋದೇನೈತಿ? ನೋಡಾಕ ಬರೋರು ಅವರು.”

ನಾನು ಬಾಯಿ ಹಾಕಿದೆ. “ನಿನ್ನ ಪಾಠ ಸಾಲ್ಯಾಗ ಇರಲಪ್ಪ,” ಎಂದು ಅಕ್ಕ ನನ್ನ ಕೈಗೆ ಬಾಳೆಹಣ್ಣಿನ ತಟ್ಟೆ ಕೊಟ್ಟು ಸುಮ್ಮನಾಗಿಸಿದಳು.

ಹಡಗಲಿಯಿಂದ ಬಂದವರು ಮೂವರು: ಬ್ಯಾಂಕಿನಲ್ಲಿ ಗುಮಾಸ್ತನಾಗಿರುವ ವರ ಪ್ರಕಾಶ, ಅವನ ತಂದೆ, ಅಜ್ಜಿ. ಶೈಲಾ ಚಹಾದ ಟ್ರೇ ಹಿಡಿದು ಬಂದಳು. ತಂದೆಯವರು ತಮ್ಮ ಬಿಳಿ ಟವೆಲನ್ನು ಖಾಲಿ ಕುರ್ಚಿಯೊಂದರ ಬೆನ್ನಿಗೆ ಹಾಕಿದ್ದರು. ನಮ್ಮ ಹುಡುಗಿ ಆ ಕುರ್ಚಿಯ ಮುಂದೆ ವಿನಯದಿಂದ ಬಾಗಿ, “ತಗೊಳ್ರಿ,” ಎಂದಳು.

ಟವೆಲು ತೆಗೆದುಕೊಳ್ಳಲಿಲ್ಲ.

“ಹುಡುಗಿಗೆ ಕಣ್ಣು ಕಾಣಂಗಿಲ್ಲೇನ್ರಿ?” ಅಜ್ಜಿಯೇ ಕೇಳಿದರು.

ಅಕ್ಕನ ಮುಖ ಬಿಳಿಚಿಕೊಂಡಿತು. ಶೈಲಾ ಮಾತ್ರ ಟ್ರೇಯನ್ನು ನೆಲಕ್ಕಿಟ್ಟು, “ದೂರದ್ದು ಕಾಣಂಗಿಲ್ಲಜ್ಜಿ. ಚಷ್ಮಾ ಒಳಗ ಇಟ್ಟೀನಿ, ತರ್ತೀನಿ,” ಎಂದು ಹೋದಳು. ಕನ್ನಡಕ ಧರಿಸಿ ಬಂದವಳು ಪ್ರಕಾಶನನ್ನು ನೆಟ್ಟಗೆ ನೋಡಿದಳು. ನೋಡುತ್ತ ನೋಡುತ್ತ ನಕ್ಕಳು.

“ನಿಮಗೂ ಐತಲ್ರಿ? ಮೂಗಿನ ಮ್ಯಾಲೆ ಗುರುತು ಕಾಣಸ್ತೈತಿ.”

ಆ ಕೆಂಪು ಕುಳಿಗಳನ್ನು ನಾವ್ಯಾರೂ ಗಮನಿಸಿರಲಿಲ್ಲ. ಪ್ರಕಾಶ ಕಿವಿಯವರೆಗೆ ಕೆಂಪಾಗಿ, ಜೇಬಿನಿಂದ ಕನ್ನಡಕ ತೆಗೆದು ಏರಿಸಿಕೊಂಡ. “ಅಪ್ಪ ತೆಗಿ ಅಂದ್ರು,” ಎಂದ. ಅಪ್ಪ ಟವೆಲಿನಿಂದ ಮುಖ ಒರೆಸಿಕೊಂಡರು.

ಎಲ್ಲರೂ ನಕ್ಕರೂ ಅಜ್ಜಿ ನಗಲಿಲ್ಲ. “ಇಬ್ಬರಿಗೂ ಹಿಂಗಾದ್ರ ಹುಟ್ಟೋ ಮಕ್ಕಳ ಗತಿ ಏನ್ರಿ ಮೇಷ್ಟ್ರ?”

ಮಕ್ಕಳಿಗೆ ಕನ್ನಡಕ ಬರುವುದಿಲ್ಲವೆಂದು ಆಣೆ ಮಾಡಲು ನನ್ನಿಂದಾಗಲಿಲ್ಲ. ಬಂದರೂ ಅದು ಬೆಳಕಿನ ಹಾದಿಯ ಮಾತಷ್ಟೇ ಎಂದೆ. ನೇರ ನಡೆದುಹೋಗುವ ಬೆಳಕಿನಿಂದ ನಮಗೇನೂ ಕಾಣದು. ತಕ್ಕಷ್ಟು ಬಾಗಿ, ಕಣ್ಣಿನ ಹಿಂದಿನ ಪರದೆಯ ಮೇಲೆ ಒಂದುಗೂಡಿದರೇ ನೋಟ. ಇವರ ಕಣ್ಣಿನಲ್ಲಿ ಕಿರಣಗಳು ಅವಸರಪಟ್ಟು ಪರದೆಗೆ ಮುಂಚೆಯೇ ಕೂಡಿಬಿಡುತ್ತವೆ. ಕನ್ನಡಕದ ಗಾಜು ಅವುಗಳನ್ನು ಕೊಂಚ ಅಗಲಿಸಿ, ಸೇರಬೇಕಾದಲ್ಲಿಗೆ ಸೇರಿಸುತ್ತದೆ. ಕೊನೆಗೆ ಕೇಳಿದೆ: “ಅಜ್ಜಿ, ನಿಮ್ಮ ಕಣ್ಣಿನ ಪೊರಿ ತೆಗಿಸೀರೇನು?”

“ಹೂನ್ರಿ. ಒಳಗ ಅದೇನೋ ಲೆನ್ಸು ಇಟ್ಟಾರ.”

“ಅದೂ ಬೆಳಕು ಬಾಗಿಸೋ ಕೆಲಸಾನ ಮಾಡ್ತೈತ್ರಿ.”

ಅಜ್ಜಿ ರೆಪ್ಪೆಯನ್ನು ಮೆಲ್ಲಗೆ ಮುಟ್ಟಿ ನೋಡಿಕೊಂಡರು. “ಅಂದ್ರ ನಾನೂ ಚಷ್ಮಾದಾಕಿನ. ಒಳಗ ಮುಚ್ಚಿಟ್ಕೊಂಡೀನಿ, ಅಷ್ಟ.” ಆಮೇಲೆ ಶೈಲಾಳ ಕಡೆ ಕೈಚಾಚಿದರು: “ಬಾರವ್ವ, ಚಾ ಕೊಡು. ಈ ಸಲ ಮನುಷ್ಯರಿಗೆ ಕೊಡು.”

ಪ್ರಕಾಶ, ಶೈಲಾ ಹಿತ್ತಲಲ್ಲಿ ಬಹಳ ಹೊತ್ತು ಮಾತಾಡಿದರು. ಏನೆಂದು ನಾವು ಕೇಳಲಿಲ್ಲ. ಮಳೆಗಾಲ ಕಳೆದ ಮೇಲೆ ಬುದ್ಧವಂದನೆ ಹೇಳಿ, ಹಾರ ಬದಲಿಸಿಕೊಂಡು ಮದುವೆಯಾದರು. ಫೋಟೋದವನು, “ಇಬ್ಬರೂ ಚಷ್ಮಾ ತೆಗೀರಿ, ಗ್ಲಾಸು ಹೊಳಿತೈತಿ,” ಎಂದ. ಪ್ರಕಾಶನ ಕೈ ಮುಖದತ್ತ ಹೋಗುವಷ್ಟರಲ್ಲಿ ಶೈಲಾ ಅದನ್ನು ಹಿಡಿದುಕೊಂಡಳು. ಫೋಟೋ ತೆಗೆಯುವವರೆಗೂ ಬಿಡಲಿಲ್ಲ.

ಚಿತ್ರದಲ್ಲಿ ಈಗ ಕಣ್ಣುಗಳಿಲ್ಲ, ನಾಲ್ಕು ಬಿಳಿ ಬಿಲ್ಲೆಗಳಿವೆ. ಅದು ವಕ್ರೀಭವನವಲ್ಲ, ಪ್ರತಿಫಲನ ಎಂದು ತಿದ್ದಹೊರಟ ನನ್ನನ್ನು ಯಾರೂ ಕೇಳಲಿಲ್ಲ.

“ಮದುವಿ ಫೋಟೋದಾಗ ನಿಮ್ಮ ಕಣ್ಣ ಕಾಣವಲ್ವು,” ಎಂದು ಅಕ್ಕ ಪೇಚಾಡಿಕೊಂಡಳು.

ಶೈಲಾ ಫೋಟೋವನ್ನು ಸೆರಗಿನಿಂದ ಒರೆಸಿ ಮೊಳೆಗೆ ತೂಗುಹಾಕಿದಳು. “ನಿಮಗ ಕಾಣದಿದ್ರೇನಮ್ಮ,” ಎಂದಳು, “ನಮಗ ಅವತ್ತು ಎಲ್ಲಾ ಕಾಣ್ತಿತ್ತು.”