ಚೀಲದಲ್ಲೇ ಉಳಿದ ಫೋಟೊ

ನಮ್ಮ ಕಮಲಾಪುರದಲ್ಲಿ ಡಿಸೆಂಬರಿನ ಕೊನೆಯ ಭಾನುವಾರ ಒಂದು ಸಭೆ ನಡೆಯುತ್ತದೆ. ಆ ವರ್ಷ ತೀರಿಕೊಂಡ ದೊಡ್ಡವರಲ್ಲಿ ಆರು ಮಂದಿಯನ್ನು ಆರಿಸಿ, ಅವರ ಫೋಟೊಗಳನ್ನು ಶಾಲೆಯ ಮೇಜಿನ ಮೇಲೆ ಸಾಲಾಗಿ ಇಟ್ಟು, ಊರಿನವರು ಒಬ್ಬೊಬ್ಬರಾಗಿ ಎದ್ದು ನೆನೆಯುತ್ತಾರೆ. ಗಾಯಕಿಯ ಪಕ್ಕ ವಿಜ್ಞಾನಿ, ವಿಜ್ಞಾನಿಯ ಪಕ್ಕ ಕ್ರಿಕೆಟ್ ಆಟಗಾರ. ಬದುಕಿದ್ದಾಗ ಇವರು ಒಬ್ಬರನ್ನೊಬ್ಬರು ಕಂಡಿದ್ದರೋ ಇಲ್ಲವೋ, ನಮ್ಮೂರನ್ನಂತೂ ಕಂಡಿರಲಿಕ್ಕಿಲ್ಲ.

ಇದನ್ನು ಶುರುಮಾಡಿದವನು ನನ್ನ ಅಣ್ಣ. ಬಸ್ ಸ್ಟ್ಯಾಂಡಿನ ಎದುರು ಅವನ ಚಹಾದ ಹೋಟೆಲಿತ್ತು. ಮೊದಲು ಅಲ್ಲಿ ರೇಡಿಯೊ ಇತ್ತು, ಆಮೇಲೆ ಟಿ.ವಿ. ಬಂತು, ದಿನಕ್ಕೆ ಮೂರು ಪೇಪರು ಬರುತ್ತಿದ್ದವು. ಸಭೆಯೂ ಮೊದಲು ಅಲ್ಲೇ ಆಗುತ್ತಿತ್ತು. ಜನ ಹೆಚ್ಚಾದ ಮೇಲೆ ಶಾಲೆಗೆ ಹೋಯಿತು.

ಅಣ್ಣ ಎರಡು ನಿಯಮ ಮಾಡಿದ್ದ. ಒಂದು, ಹುಟ್ಟಿದ ಊರು, ಬಂದ ಪ್ರಶಸ್ತಿ ಎಂದೆಲ್ಲ ಒದರಕೂಡದು. “ಅದೆಲ್ಲಾ ಪೇಪರಿನಾಗ ಬಂದದ. ಅವರು ನಿಮ್ಮ ಜೀವನದಾಗ ಹ್ಯಾಂಗ ಬಂದ್ರು, ಅದನ್ನ ಹೇಳ್ರಿ” ಎನ್ನುತ್ತಿದ್ದ. ಎರಡು, ಊರಿನವರ ಫೋಟೊ ಇಡಕೂಡದು, ಹೆಸರು ಎತ್ತಕೂಡದು. ಮೊದಲ ವರ್ಷ ಊರಿನ ಪೈಲ್ವಾನರೊಬ್ಬರ ಫೋಟೊ ಇಟ್ಟದ್ದಕ್ಕೆ, ಮರುದಿನವೇ ಬೇರೆ ಓಣಿಯವರು ಹೋಟೆಲಿಗೆ ಬಂದು, ನಮ್ಮ ಮುದುಕ ಏನು ಕಡಿಮೆ ಇದ್ದನೆಂದು ಜಗಳ ತೆಗೆದಿದ್ದರು.

ಹೋದ ವರ್ಷ ಶ್ರಾವಣದಲ್ಲಿ ಅಣ್ಣ ತೀರಿಕೊಂಡ. ಆ ಸಲ ಮೇಜಿನ ಮೇಲೆ ಅವನ ಫೋಟೊ ಇರಬೇಕೆಂದು ನಾನು ಹಟ ಹಿಡಿದೆ. ಸಭೆಯ ಅಧ್ಯಕ್ಷರು ನಿವೃತ್ತ ಮಾಸ್ತರರು, ಅಣ್ಣನ ಗೆಳೆಯರು. ನಾನು ಈಗಿರುವುದು ಪಟ್ಟಣದಲ್ಲಿ; ಇಲ್ಲಿನ ಜೇವರ್ಗಿ ಕಾಲೋನಿಯ ನಮ್ಮ ಮನೆಯಿಂದ ಅವರಿಗೆ ಫೋನ್ ಹಚ್ಚಿದೆ.

“ಅವ್ವಾ, ನಿಯಮ ಮಾಡ್ದವರೇ ಅವರು. ಅವರ ಸಲುವಾಗೇ ಮುರದ್ರ ಹ್ಯಾಂಗ?” ಎಂದರು.

ಫೋನ್ ಕುಕ್ಕಿದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆಂದು ನಮ್ಮ ಮನೆಯವರು ಅನ್ನುವುದುಂಟು. ಅವತ್ತು ಅದು ಇಡೀ ಮನೆಯಲ್ಲಿತ್ತು. ಟಿ.ವಿ.ಯಲ್ಲಿ ಕಂಡವರಿಗೆಲ್ಲ ಹಾರ, ಆ ಟಿ.ವಿ. ತೋರಿಸಿದವನಿಗೆ ಏನೂ ಇಲ್ಲ.

ಫೋಟೊಗಳಿಗೆ ಕಟ್ಟು ಹಾಕಿಸುವ ಕೆಲಸ ಮೊದಲಿನಿಂದಲೂ ನನ್ನದು. ಇಲ್ಲೇ ಮೋಮಿನಪುರದಲ್ಲಿ ಒಬ್ಬ ಕಟ್ಟಿನವನಿದ್ದಾನೆ, ನನ್ನನ್ನು ಅಕ್ಕ ಎನ್ನಲು ‘ಆಪಾ’ ಎನ್ನುತ್ತಾನೆ. ಅವೇ ಆರು ಕಟ್ಟುಗಳು; ವರ್ಷ ವರ್ಷ ಹಳಬರನ್ನು ಬಿಚ್ಚಿ ತೆಗೆದು ಹೊಸಬರನ್ನು ಕೂಡಿಸುತ್ತಾನೆ, ಕೆಳಗೆ ಒಂದು ಪಟ್ಟಿಯಲ್ಲಿ ‘ಗಾಯಕಿ’, ‘ವಿಜ್ಞಾನಿ’ ಎಂದು ಬರೆಯುತ್ತಾನೆ. ಆ ಸಲ ಅದೇ ಅಳತೆಯ ಏಳನೆಯ ಕಟ್ಟು ಕೇಳಿದೆ. ಅವನು ಅಣ್ಣನ ಫೋಟೊ ನೋಡಿದ.

“ಆಪಾ, ಇವರದು ಯಾವ ಲೈನ್ ರೀ? ಕೆಳಗ ಏನ್ ಬರೀಲಿ?”

ಹೋಟೆಲ್ ಎನ್ನಲು ಬಾಯಿ ಬರಲಿಲ್ಲ. ಗಾಯಕಿ, ವಿಜ್ಞಾನಿಗಳ ಸಾಲಿನಲ್ಲಿ ಅದು ತೀರಾ ಸಣ್ಣದೆನಿಸಿತು. “ಖಾಲಿ ಬಿಡು” ಎಂದೆ. ಸಭೆಯಲ್ಲಿ ನನ್ನ ಸರದಿ ಬಂದಾಗ ಚೀಲದಿಂದ ತೆಗೆದು ಮೇಜಿನ ಮೇಲೆ ಇಟ್ಟೇಬಿಡುವುದು, ಹಾರ ಹಾಕಿದ ಮೇಲೆ ಯಾವ ಮಾಸ್ತರ ತೆಗೆಯುತ್ತಾರೋ ನೋಡೋಣ ಎಂದು ಗಟ್ಟಿ ಮಾಡಿಕೊಂಡೆ.

ಭಾನುವಾರ ಹುಮನಾಬಾದ್ ಬಸ್ಸು ಹಿಡಿದು ಕಮಲಾಪುರಕ್ಕೆ ಹೋದೆ. ಮಾಸ್ತರರು ಸಭೆಯ ಮೊದಲಿಗೇ, “ಊರಿನವರ ಫೋಟೊನೂ ಇಲ್ಲ, ಹೆಸರೂ ಇಲ್ಲ” ಎಂದು ಹೇಳಿ ನನ್ನ ಚೀಲದ ಕಡೆ ನೋಡಿದರು. ನಾನು ಅದನ್ನು ತೊಡೆಯ ಮೇಲೆ ಎಳೆದುಕೊಂಡೆ.

ಕ್ರಿಕೆಟ್ ಆಟಗಾರನ ಬಗ್ಗೆ ಮಾತಾಡಿದವರು ಮನೆ ಕಟ್ಟುವ ಒಬ್ಬ ಗೌಂಡಿ. “ಇವರ ಬೌಲಿಂಗ್ ನೋಡ್ಲಾಕ ಕೆಲಸ ಬಿಟ್ಟು ಹೋಟೆಲಿನಾಗ ನಿಂದರ್ತಿದ್ದೆ. ಚಹಾ ತಗೊಳ್ಳಾರದವರಿಗಿ ಯಾರೂ ಒಳಗ ಬಿಡಂಗಿಲ್ಲ ನೋಡ್ರಿ, ಆದ್ರ ನನಗ ಹೋಟೆಲಿನಾಗ ಬೆಂಚ್ ಸರಿಸಿ ಜಾಗಾ ಮಾಡಿಕೊಟ್ರು” ಎಂದರು. ಯಾರು ಮಾಡಿಕೊಟ್ಟರೆಂದು ಹೇಳಲಿಲ್ಲ.

ವಿಜ್ಞಾನಿಯ ಬಗ್ಗೆ ಹೇಳಿದವಳು ನಮ್ಮೂರಿನ ಹೈಸ್ಕೂಲಿನಲ್ಲೇ ಪಾಠ ಹೇಳುವ ಹುಡುಗಿ. ರಾಕೆಟ್ ಹಾರುವ ದಿನ ಹೆಣ್ಣುಮಕ್ಕಳೆಲ್ಲ ನೋಡಲೆಂದು ಹೋಟೆಲಿನಲ್ಲಿ ಗಂಡಸರನ್ನು ಎಬ್ಬಿಸಿ ಹೊರಗೆ ಕಳಿಸಿದ್ದರಂತೆ. ಕಳಿಸಿದವರ ಹೆಸರು ಅವಳೂ ಎತ್ತಲಿಲ್ಲ.

ಗಾಯಕಿಯ ಸರದಿಗೆ ಎದ್ದವಳು ಬಸ್ ಸ್ಟ್ಯಾಂಡಿನಲ್ಲಿ ಕೆಂಪು ಬಾಳೆಹಣ್ಣು ಮಾರುವ ಮುದುಕಿ. “ಈ ತಾಯಿ ಹಾಡು ಬಂದ್ರ ಹೋಟೆಲಿನಾಗ ರೇಡಿಯೊ ಜೋರ್ ಮಾಡ್ತಿದ್ರು, ರಸ್ತೆ ಆಚಿ ಇದ್ದ ನನಗ ಕೇಳಲಿ ಅಂತ. ನಾ ಹೇಳಿದ್ದಿಲ್ಲ. ನನಗ ಆ ಹಾಡು ಸೇರ್ತದಂತ ಹ್ಯಾಂಗ ಗೊತ್ತಾಯ್ತೋ ಏನೋ” ಎಂದು, ನಿಯಮ ನೆನಪಾಗಿ ಸೆರಗು ಬಾಯಿಗೆ ಇಟ್ಟುಕೊಂಡು ಕೂತಳು. ಮಾಸ್ತರರು ಕನ್ನಡಕ ತೆಗೆದು ಒರೆಸಿದರು. ಅವರ ಮೇಲಿದ್ದ ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಕೊನೆಗೆ ನನ್ನ ಸರದಿ. ನನ್ನ ಪಾಲಿಗೆ ಬಂದವರು ಒಬ್ಬ ಹಾಸ್ಯನಟರು. ಎದ್ದೆ, ಒಂದು ಕೈ ಚೀಲದೊಳಗೇ ಇತ್ತು, ಬೆರಳಿಗೆ ಕಟ್ಟಿನ ಅಂಚು ತಾಗುತ್ತಿತ್ತು. ತೆಗೆಯಬೇಕೆನಿಸಲಿಲ್ಲ. “ಇವರ ಸಿನಿಮಾ ಟಿ.ವಿ.ಯೊಳಗ ಬಂದ್ರ ಹೋಟೆಲಿನಾಗ ಒಬ್ಬರು ಮಾತು ಬರೋಕಿಂತ ಮೊದಲೇ ನಗ್ತಿದ್ರು. ಕೈಯಾಗಿನ ಚಹಾ ಗಿರಾಕಿ ಮ್ಯಾಲ ಚೆಲ್ಲತಿತ್ತು” ಎಂದೆ. ಸಭೆ ಗೊಳ್ಳೆಂದು ನಕ್ಕಿತು, ಗೌಂಡಿ ತಮ್ಮ ಅಂಗಿ ಹಿಡಿದು ತೋರಿಸಿದರು. ಹಾಸ್ಯನಟನನ್ನು ನೆನೆದು ಎಲ್ಲರೆದುರು ಬಿಕ್ಕಿ ಬಿಕ್ಕಿ ಅತ್ತವಳು ಆ ಸಭೆಯಲ್ಲಿ ನಾನೊಬ್ಬಳೇ ಇರಬೇಕು.

ಜನವರಿಯಲ್ಲಿ ಕಟ್ಟುಗಳನ್ನು ಮೋಮಿನಪುರಕ್ಕೆ ಒಯ್ದೆ.

“ಏಳೂ ಬಿಚ್ಚಲೇನ್ ಆಪಾ?”

“ಆರು ಬಿಚ್ಚು. ಇದು ನಮ್ಮ ಮನಿಗಿ.”

ಅವನು ಖಾಲಿ ಪಟ್ಟಿಯನ್ನು ಬಟ್ಟೆಯಿಂದ ಒರೆಸಿ ನನ್ನ ಮುಖ ನೋಡಿದ.

“ಹೋಟೆಲ್ ಅಂತ ಬರಿ” ಎಂದೆ.