ಮಾಮಿ ವಾಚು ಕೊಂಡದ್ದು

ಮಾಮಿಯ ಎರಡೂ ಕೈಗಳು ಮೊಣಕೈವರೆಗೆ ಒಣಗಿ ಬೆಳ್ಳಗಾಗಿದ್ದವು, ಉಗುರಿನಿಂದ ಗೀರಿದರೆ ಗೆರೆ ಉಳಿಯುವಷ್ಟು. ಕುವೈತಿನ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಕಾಲದ ರೂಢಿ ಅದು. ಊಟಕ್ಕೆ ಮುಂಚೆ, ಊಟವಾದ ಮೇಲೆ, ಯಾರ ಮೈ ಮುಟ್ಟಿದರೂ ಒಡನೆ, ಸೋಪು ಹಚ್ಚಿ ಮೊಣಕೈತನಕ ತಿಕ್ಕಿ ತೊಳೆಯುವುದು. ಆ ಕೈಗಳಲ್ಲಿ ಬಳೆ ಇರಲಿಲ್ಲ, ಉಂಗುರ ಇರಲಿಲ್ಲ, ವಾಚೂ ಇರಲಿಲ್ಲ. ವಾರ್ಡಿನಲ್ಲಿ ಕೈಗೆ ಏನನ್ನೂ ಹಾಕುವ ಹಾಗಿರಲಿಲ್ಲವಂತೆ. ಅವರ ವಾಚು ಎದೆಯ ಮೇಲೆ ಪಿನ್ನಿಗೆ ಸಿಕ್ಕಿಸಿಕೊಂಡು ತಲೆಕೆಳಗಾಗಿ ನೇತಾಡುತ್ತಿತ್ತು. ಅದು ಕೆಟ್ಟುಹೋದ ಮೇಲೆ ಮಾಮಿ ಇನ್ನೊಂದು ಕೊಂಡಿರಲಿಲ್ಲ.

ಮಾಮಿ ಎಂದರೆ ನನ್ನ ತಂದೆಯ ಅಕ್ಕ. ಮದುವೆಯಾಗಲಿಲ್ಲ. ಜೀವಮಾನವಿಡೀ ದುಡಿದು ತಮ್ಮಂದಿರನ್ನು ಓದಿಸಿ, ಕೊನೆಗೆ ಕಾಸರಗೋಡಿನ ಗಡಿಯ ನಮ್ಮೂರು ಮೀಂಜದಲ್ಲಿ ನಮ್ಮ ಮನೆಯ ಪಕ್ಕದಲ್ಲೇ ಒಂದು ಸಣ್ಣ ಮನೆ ಕಟ್ಟಿಸಿಕೊಂಡು ನೆಲೆಸಿದರು. ಇಷ್ಟು ಹೇಳಿದರೆ ಅವರೊಬ್ಬ ತ್ಯಾಗಮೂರ್ತಿ ಎಂದು ಓದುಗರಿಗೆ ಅನಿಸಬಹುದು. ಹಾಗೇನೂ ಇಲ್ಲ. ಮಾಮಿಯಷ್ಟು ನನ್ನ ತಲೆ ತಿಂದವರು ಭೂಮಿಯ ಮೇಲೆ ಬೇರೆ ಯಾರೂ ಇಲ್ಲ. ನಾನು ಕನ್ನಡ ಶಾಲೆಯಲ್ಲಿ ಏಳನೇ ತರಗತಿಯ ಮಕ್ಕಳನ್ನು ಸುಧಾರಿಸುವವಳು, ಅವರೂ ನನ್ನನ್ನು ಇಷ್ಟು ಗೋಳುಹೊಯ್ದುಕೊಂಡಿಲ್ಲ.

ಊರಿಗೆಲ್ಲ ಅವರು 'ಸಿಸ್ಟರ್'. ಯಾರಿಗೆ ತಲೆ ತಿರುಗಿದರೂ, ಎದೆ ಡವಗುಟ್ಟಿದರೂ, ರಾತ್ರಿ ನಿದ್ದೆ ಬಾರದಿದ್ದರೂ ಬೆಳಗ್ಗೆ ಕೈ ಚಾಚಿಕೊಂಡು ಮಾಮಿಯ ಜಗಲಿಗೆ ಬಂದು ಕೂರುವರು. ಹೆಲ್ತ್ ಸೆಂಟರು ದೂರವೇನಿಲ್ಲ, ಆದರೆ ಅಲ್ಲಿ ಚೀಟಿ ಮಾಡಿಸಬೇಕು, ಕಾಯಬೇಕು. ಮಾಮಿಯಲ್ಲಿ ಅದೆಲ್ಲ ಇಲ್ಲ. ದೋಸೆ ಕಾವಲಿಯ ಮೇಲಿದ್ದರೂ ಒಲೆ ಆರಿಸಿ ಬಂದು, ಗೋಡೆಯ ಗಡಿಯಾರ ನೋಡುತ್ತಾ ನಾಡಿ ಎಣಿಸುವರು. ಎಣಿಸಿ ಕೈ ತೊಳೆಯುವರು. ತಿನ್ನಲು ಕುಳಿತರೆ ಇನ್ನೊಬ್ಬರು. "ಒಮ್ಮೆಯಾದ್ರೂ ಆಗುದಿಲ್ಲ ಅಂತ ಹೇಳಿ ಮಾಮಿ" ಎಂದು ನಾನು ಗದರಿದರೆ, "ಪಾಪ, ಬಿಸಿಲಿಗೆ ಬಂದಿದ್ದಾರೆ" ಎನ್ನುವರು.

ಇಂಥ ಮಾಮಿ ಒಂದು ದಿನ ಕುಚ್ಚಲಕ್ಕಿ ಆರಿಸುತ್ತಾ, "ನಂಗೊಂದು ಸ್ವಿಸ್ ವಾಚು ತೆಗೆದುಕೊಳ್ಳುವ ಅಂತ ಉಂಟು" ಎಂದರು. ತನಗಾಗಿ ಅವರು ಏನನ್ನಾದರೂ ಬೇಕು ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಮುಂದಿನ ಶನಿವಾರವೇ ಮಂಗಳೂರಿಗೆ ಹೊರಟೆವು. ಹೆದ್ದಾರಿ ಅಗಲವಾದಂದಿನಿಂದ ಹೊಸಂಗಡಿಯಲ್ಲಿ ಬಸ್ಸು ಎಲ್ಲಿ ನಿಲ್ಲುತ್ತದೆಂದು ಡ್ರೈವರನಿಗೂ ಗೊತ್ತಿರುವುದಿಲ್ಲ. ಸರ್ವಿಸ್ ರಸ್ತೆಯ ಉದ್ದಕ್ಕೂ ಅಟ್ಟಾಡಿಸಿಕೊಂಡು ಹೋಗಿ ಹತ್ತಿದೆವು.

ಅಂಗಡಿಯಲ್ಲಿ ಎರಡು ವಾಚುಗಳು ಮಾಮಿಯ ಕಣ್ಣಿಗೆ ಬಿದ್ದವು. ಎರಡೂ ಸ್ವಿಸ್, ಬೇರೆ ಬೇರೆ ಕಂಪನಿಯವು. ಪುಕ್ಕಟೆ ಪ್ರಚಾರ ಕೊಡುವ ಮನಸ್ಸು ನನಗಿಲ್ಲವಾದ್ದರಿಂದ ಒಂದನ್ನು ದೊಡ್ಡ ಹೆಸರಿನದು, ಇನ್ನೊಂದನ್ನು ಸಣ್ಣ ಹೆಸರಿನದು ಎನ್ನುತ್ತೇನೆ. ಸಣ್ಣ ಹೆಸರಿನದಕ್ಕೆ ಬಿಳಿಯ ಮುಖ, ದಪ್ಪ ಅಂಕೆ, ಕೆಂಪು ಬಣ್ಣದ ಸೆಕೆಂಡಿನ ಮುಳ್ಳು, ತಾರೀಕು, ಸ್ಟೀಲಿನ ಪಟ್ಟಿ. ನೀರಿಗೆ ಹೆದರುವುದಿಲ್ಲ, ಕತ್ತಲಲ್ಲೂ ಕಾಣುತ್ತದೆ. ದೊಡ್ಡ ಹೆಸರಿನದು ತೆಳ್ಳಗೆ, ಕೆನೆಯ ಬಣ್ಣ, ಅಂಕೆಯ ಬದಲು ಕೂದಲೆಳೆಯಂಥ ಗೀಟುಗಳು, ಚರ್ಮದ ಪಟ್ಟಿ. ಮುಳ್ಳುಗಳು ಎರಡೇ, ಸೆಕೆಂಡಿನದು ಇಲ್ಲವೇ ಇಲ್ಲ. ಬೆಲೆ ಮಾತ್ರ ಮತ್ತೊಂದರ ಇಮ್ಮಡಿ. ದಿನವಿಡೀ ಮೊಣಕೈತನಕ ಕೈ ತೊಳೆಯುವ ಹೆಂಗಸಿಗೆ ನೀರು ತಾಗಿದರೆ ಹಾಳಾಗುವ ಪಟ್ಟಿ! ಇದರಲ್ಲಿ ಯೋಚಿಸುವುದಕ್ಕೆ ಏನಿದೆ?

ಮಾಮಿಗೆ ಇತ್ತು. ಸಣ್ಣ ಹೆಸರಿನದನ್ನು ಕಟ್ಟಿಕೊಂಡು, ಮಾರುವ ಹುಡುಗನ ಕೈಯನ್ನೇ ಹಿಡಿದು ನಾಡಿ ಎಣಿಸಿದರು. "ಒಳ್ಳೆ ಉಂಟು. ಮುಳ್ಳು ಸರಿ ಗೆರೆಯ ಮೇಲೆ ನಿಲ್ತದೆ" ಎಂದು ಹೊಗಳಿ, "ನಿಮ್ಮದು ಸ್ವಲ್ಪ ಜೋರಾಗಿ ಓಡ್ತಾ ಉಂಟು, ಒಮ್ಮೆ ಚೆಕ್ ಮಾಡಿಸಿ" ಎಂದು ಆ ಹುಡುಗನ ಮುಖದ ಬಣ್ಣ ಕೆಡಿಸಿದರು. ಆಮೇಲೆ ದೊಡ್ಡ ಹೆಸರಿನದನ್ನು ಕಟ್ಟಿಕೊಂಡು ಏನೂ ಹೇಳದೆ ಕುಳಿತರು. "ಸೆಕೆಂಡಿನ ಮುಳ್ಳಿಲ್ಲ, ಅಲ್ವಾ?" ಎಂದು ಕೇಳಿದರು. "ಇಲ್ಲ ಮೇಡಂ, ಅದು ಡಿಸೈನ್" ಎಂದ ಹುಡುಗ. "ನೋಡುವ" ಎಂದು ಎದ್ದು ಹೊರಟೇ ಬಿಟ್ಟರು.

ಆ 'ನೋಡುವ' ಮುಗಿಯಲೇ ಇಲ್ಲ. ಎರಡನೇ ಶನಿವಾರ ಬಂತೆಂದರೆ ಮಂಗಳೂರು. ಅದೇ ಬಸ್ಸು, ಅದೇ ಅಂಗಡಿ, ಅವೇ ಎರಡು ವಾಚು. ಅಂಗಡಿಯ ಹುಡುಗ ನಮ್ಮನ್ನು ಕಂಡ ಕೂಡಲೇ ಒಳಗೆ ಹೋಗಿ ಬೇರೊಬ್ಬನನ್ನು ಕಳುಹಿಸುವಷ್ಟಾಯಿತು. ಮನೆಯಲ್ಲಿ ಮೊಬೈಲಿನಲ್ಲಿ ಎರಡೂ ಕಂಪನಿಗಳನ್ನು ಹೋಲಿಸುವ ವಿಡಿಯೋಗಳು, ಇಡೀ ಬೈಲಿಗೆ ಕೇಳುವ ಸದ್ದಿನಲ್ಲಿ. ಬಂದವರೆಲ್ಲರ ಹತ್ತಿರವೂ ಅಭಿಪ್ರಾಯ ಕೇಳುವುದು ಬೇರೆ.

ಅಣ್ಣ ಕಾಸರಗೋಡಿನಲ್ಲಿ ಸರಕಾರಿ ಕಚೇರಿಯಲ್ಲಿರುವವನು, ಯಾವುದರಲ್ಲೂ ಲೆಕ್ಕಾಚಾರ. "ಒಳಗಿನ ಯಂತ್ರ ಎರಡರದ್ದೂ ಹೆಚ್ಚುಕಮ್ಮಿ ಒಂದೇ. ದೊಡ್ಡದಕ್ಕೆ ಕೊಡುವ ದುಡ್ಡಿನಲ್ಲಿ ಅರ್ಧ ಹೆಸರಿಗೇ ಹೋಗ್ತದೆ ಮಾಮಿ. ಸಣ್ಣದೇ ಲಾಭ" ಎಂದ. "ಸರಿಯಾಗಿ ಹೇಳಿದೆ" ಎಂದರು ಮಾಮಿ. ರಸ್ತೆಬದಿಯ ಅಂಗಡಿಯ ಕಾಕ ದುಬೈಯಲ್ಲಿ ಇದ್ದು ಬಂದವರು. ಅವರದ್ದು ಬೇರೆಯೇ ವಾದ. "ಟೈಮು ಮೊಬೈಲಿನಲ್ಲಿ ಉಂಟಲ್ಲ ಸಿಸ್ಟರ್. ವಾಚು ಕಟ್ಟುದು ಚಂದಕ್ಕೆ. ದೊಡ್ಡ ಹೆಸರಿನದ್ದಾದ್ರೆ ನಾಳೆ ಮಾರಿದ್ರೂ ಬೆಲೆ ಉಂಟು, ಸಣ್ಣದನ್ನು ಯಾರು ಕೇಳ್ತಾರೆ?" ಮಾಮಿ ಅವರಿಗೂ, "ಸರಿಯಾಗಿ ಹೇಳಿದಿರಿ" ಎಂದರು. ಇಬ್ಬರೂ ಸರಿಯಾದರೆ ನಾನು ಹಣೆ ಚಚ್ಚಿಕೊಳ್ಳುವುದೆಲ್ಲಿ?

ಇದರ ನಡುವೆ ಒಂದು ಮಾತು ಹೇಳಬೇಕು. ನಮ್ಮ ಮನೆಗಳಲ್ಲಿ ಬೇಡವಾದುದನ್ನು ಯಾರೂ ಬೇಡ ಎನ್ನುವುದಿಲ್ಲ, ಹೊಗಳುತ್ತಾರೆ. ಸೀರೆ ಇಷ್ಟವಾಗದಿದ್ದರೆ "ನೂಲು ಗಟ್ಟಿ ಉಂಟು" ಎನ್ನುತ್ತಾರೆ. ನೋಡಲು ಬಂದ ಹುಡುಗ ಒಪ್ಪಿಗೆಯಾಗದಿದ್ದರೆ "ಒಳ್ಳೆ ಜನ" ಎನ್ನುತ್ತಾರೆ. ಬೇಕಾದುದರ ಬಗ್ಗೆ ಮಾತ್ರ ಬಾಯಿ ಬಿಡುವುದಿಲ್ಲ, ಬಿಟ್ಟರೆ ಆಸೆಬುರುಕರೆಂದು ಯಾರಾದರೂ ತಿಳಿದರೆ? ಇದು ಗೊತ್ತಿದ್ದೂ ನಾವೆಲ್ಲ ಮಾಮಿ ಸಣ್ಣ ಹೆಸರಿನ ವಾಚನ್ನು ಹೊಗಳಿದ್ದನ್ನೇ ನಿಜವೆಂದು ನಂಬಿದೆವು. ನಮ್ಮ ಕಡೆಯ ಯುಗಾದಿಯಾದ ಬಿಸುವಿನ ದಿನ ಅಣ್ಣ ಅದನ್ನೇ ಕೊಂಡು ತಂದು ಮಾಮಿಯ ಕೈಗೆ ಕಟ್ಟಿ ಕಾಲಿಗೆ ಬಿದ್ದ. ಮಾಮಿ ಅವನ ತಲೆ ಮುಟ್ಟಿ, "ಪಟ್ಟಿ ಗಟ್ಟಿ ಉಂಟು" ಎಂದರು. ಪೀಡೆ ತೊಲಗಿತು, ಇನ್ನು ನನ್ನ ಶನಿವಾರಗಳು ನನ್ನವು ಎಂದುಕೊಂಡು ನಾನು ಪಾಯಸ ಹಾಕಿಸಿಕೊಂಡೆ.

ಊರಿಗೆ ಸುದ್ದಿ ಹೋಗುವುದಕ್ಕೆ ಎಷ್ಟು ಹೊತ್ತು? ಸಿಸ್ಟರ ಕೈಗೆ ನಾಡಿ ನೋಡುವ ಸ್ವಿಸ್ ವಾಚು ಬಂದಿದೆಯಂತೆ ಎಂದು ಜನ ಮೊದಲಿಗಿಂತ ಹೆಚ್ಚು ಬರತೊಡಗಿದರು. ಗೋಡೆ ಗಡಿಯಾರದಲ್ಲಿ ನಾಡಿ ನೋಡಿಸಿಕೊಂಡವರು ಕೂಡ ಹೊಸದರಲ್ಲಿ ಇನ್ನೊಮ್ಮೆ ಎಣಿಸಿ ಎಂದು ಕುಳಿತರು. ಮಾಮಿ ಎಣಿಸಿದರು, ತೊಳೆದರು, ಎಣಿಸಿದರು. ಕೈಯ ಚರ್ಮ ಬಿರಿದು ಅಲ್ಲಲ್ಲಿ ಕೆಂಪಾಗಿತ್ತು. ತಣ್ಣಗಾದ ಗಂಜಿಯನ್ನು ನಿಂತುಕೊಂಡೇ ಕುಡಿಯುವುದನ್ನು ಕಂಡು ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದೇ ತಿಳಿಯಲಿಲ್ಲ. ಎಲ್ಲರ ಮೇಲೂ ಮಾಡಿದೆ.

ಒಂದು ಶುಕ್ರವಾರ ಸಂಜೆ ಮಾಮಿ ನಮ್ಮ ಅಡುಗೆಮನೆಯ ಬಾಗಿಲಿಗೆ ಬಂದು, "ನಾಳೆ ಮಂಗಳೂರಿಗೆ ಹೋಗಿ ಬರುವನಾ?" ಎಂದರು. ನನ್ನ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು.

ಹೋದೆವು. ಅದೇ ಅಂಗಡಿ. ಮಾಮಿ ದೊಡ್ಡ ಹೆಸರಿನದನ್ನು ಹೊರಗೆ ತೆಗೆಸಿದರು. ಅಂಗಡಿಯಲ್ಲಿ ಜನರಿದ್ದಾರೆ ಎಂಬುದನ್ನೂ ಮರೆತು ನಾನು ಕಿರುಚಿದೆ. "ಎಂತ ಮಾಮಿ ಇದು? ಕೈಯಲ್ಲಿ ಒಂದು ಉಂಟು. ಅದ್ರಲ್ಲಿ ಎಂತ ಕಡಿಮೆ? ಇದು ನೀರಿಗೆ ಆಗುದಿಲ್ಲ, ಕತ್ತಲೆಗೆ ಕಾಣುದಿಲ್ಲ, ದುಡ್ಡು ಎರಡು ಪಾಲು. ಸೆಕೆಂಡಿನ ಮುಳ್ಳೇ ಇಲ್ಲ. ಇದನ್ನು ಕಟ್ಟಿಕೊಂಡು ನೀವು ಯಾರ ನಾಡಿ ನೋಡ್ಲಿಕ್ಕೆ ಆಗ್ತದೆ?"

"ಯಾರದ್ದೂ ಆಗುದಿಲ್ಲ" ಎಂದರು ಮಾಮಿ.

"ಮತ್ತೆ?"

"ಅದಕ್ಕೇ ನಂಗೆ ಇದು ಬೇಕು ಮಗಾ."

ಮಾಮಿ ವಾಚಿನ ಗಾಜನ್ನು ಹೆಬ್ಬೆರಳಿನಿಂದ ಒರೆಸುತ್ತಾ ಮೆತ್ತಗೆ ಹೇಳಿದರು. "ಬಾಗಿಲಿಗೆ ಬಂದವರಿಗೆ ಆಗುದಿಲ್ಲ ಅಂತ ಹೇಳ್ಲಿಕ್ಕೆ ನಂಗೆ ಬಾಯಿ ಬರುದಿಲ್ಲ. ವಾಚು ಹೇಳ್ಲಿ. ಮತ್ತೆ, ಚಂದವೂ ಉಂಟು." ಕೊನೆಯ ಮಾತು ಹೇಳುವಾಗ ಅವರ ಮುಖ ಕೆಂಪಾಯಿತು. ಇಷ್ಟನ್ನು ಹೇಳಲು ಅವರಿಗೆ ಅಷ್ಟೆಲ್ಲ ಶನಿವಾರಗಳು ಬೇಕಾಗಿದ್ದವು. ಮೊದಲ ದಿನವೇ ಹೇಳಬಾರದಿತ್ತೇ ಎಂದು ಬೈಯಬೇಕೆನಿಸಿತು, ಅಳುವೂ ಬಂತು. ಎರಡೂ ಮಾಡದೆ, ಬಿಲ್ಲು ಮಾಡಿ ಎಂದು ಆ ಹುಡುಗನ ಮೇಲೆ ರೇಗಿದೆ.

ಸಣ್ಣ ಹೆಸರಿನ ವಾಚನ್ನು ಮಾಮಿ ಪಂಚಾಯತಿನ ಪಾಲಿಯೇಟಿವ್ ನರ್ಸಿಗೆ ಕೊಟ್ಟರು, ಮನೆಮನೆಗೆ ಹೋಗಿ ಮಲಗಿದವರನ್ನು ನೋಡಿಕೊಳ್ಳುವ ಹುಡುಗಿ ಅವಳು. ಅಣ್ಣ ಒಂದು ತಿಂಗಳು ಮುಖ ಊದಿಸಿಕೊಂಡಿದ್ದ. ಮಾಮಿ ತಮ್ಮ ಗೋಡೆಯ ಗಡಿಯಾರವನ್ನು ಇಳಿಸಿ, ಇಟ್ಟುಕೊಳ್ಳಲು ಜಾಗವಿಲ್ಲ ಎಂಬ ಸುಳ್ಳಿನೊಂದಿಗೆ ನನ್ನ ಮನೆಗೆ ಕಳುಹಿಸಿದರು. ಕೈ ಚಾಚಿದವರಿಗೆ ಮುಂಗೈ ತೋರಿಸಿ, "ಇದ್ರಲ್ಲಿ ಆಗುದಿಲ್ಲ ಮಾರಾಯ್ತಿ, ಮುಳ್ಳಿಲ್ಲ. ಹೆಲ್ತ್ ಸೆಂಟರಿಗೆ ಹೋಗು" ಎನ್ನುವರು. ದೊಡ್ಡ ವಾಚು ಕಟ್ಟಿದ ಮೇಲೆ ಸಿಸ್ಟರೂ ದೊಡ್ಡವರಾದರು ಎಂದು ಜನ ಕೊಂಕು ನುಡಿದರು. ಅದನ್ನು ಕೇಳಿಸಿಕೊಳ್ಳುವ ಕರ್ಮವೂ ನನ್ನದೇ. ಕಾಕ ಮಾತ್ರ, "ಒಳ್ಳೆ ಸೆಲೆಕ್ಷನ್" ಎಂದು ಗೆದ್ದವರ ಹಾಗೆ ಬೀಗಿದರು. ಮರುಮಾರಾಟದ ಬೆಲೆ ನೋಡಿಯೇ ಕೊಂಡದ್ದೆಂದು ಅವರು ಇವತ್ತಿಗೂ ನಂಬಿದ್ದಾರೆ.

ಮಾಮಿ ಬಿಸಿ ದೋಸೆ ತಿನ್ನತೊಡಗಿದರು. ಸಂಜೆ ಜಗಲಿಯಲ್ಲಿ ಕುಳಿತು ಕೈಯನ್ನು ದೂರಕ್ಕೆ ಚಾಚಿ ವಾಚು ನೋಡುವರು. ಗಂಟೆ ಎಷ್ಟಾಯಿತೆಂದು ಕೇಳಿದರೆ ಇನ್ನೊಮ್ಮೆ ನೋಡಬೇಕಾಗುತ್ತಿತ್ತು, ಮೊದಲು ನೋಡಿದ್ದು ಗಂಟೆಯನ್ನಲ್ಲ. ಪಟ್ಟಿ ಒದ್ದೆಯಾಗುತ್ತದೆಂದು ಕೈ ತೊಳೆಯುವುದೂ ಕಡಿಮೆಯಾಗಿ ಚರ್ಮ ಸ್ವಲ್ಪ ಮೆತ್ತಗಾಯಿತು. ಅವರಿಗೆ ಹಾಗೆ ಸಿಕ್ಕಿದ್ದು ಹೆಚ್ಚೇನಲ್ಲ, ಎರಡು ಮಳೆಗಾಲ.

ಆಮೇಲೆ ಹೃದಯ ಸೋತಿತು. ಮಂಗಳೂರಿನ ಆಸ್ಪತ್ರೆಯಿಂದ, ಇನ್ನು ಮನೆಯಲ್ಲೇ ಇರಲಿ ಎಂದು ಕಳುಹಿಸಿದರು. ಒಂದು ಮಧ್ಯಾಹ್ನ ನಾನೊಬ್ಬಳೇ ಅವರ ಹತ್ತಿರ ಕುಳಿತಿದ್ದೆ. ಉಸಿರಾಟ ಯಾಕೋ ಬೇರೆಯಾಗಿ ಕೇಳಿಸಿತು. ಮೊಬೈಲಿನಲ್ಲಿ ಸೆಕೆಂಡು ಹಾಕಿಕೊಂಡು ಅವರ ಮಣಿಕಟ್ಟಿಗೆ ಬೆರಳಿಟ್ಟೆ. ಮಾಮಿ ಕಣ್ಣು ಬಿಟ್ಟರು.

"ಎಂತ ಮಾಡ್ತಾ ಇದ್ದಿ?"

"ನಾಡಿ ನೋಡ್ತಾ ಇದ್ದೇನೆ. ಡಾಕ್ಟರಿಗೆ ಹೇಳ್ಬೇಕಲ್ಲ."

"ಎಣಿಸಬೇಡ. ಸುಮ್ಮನೆ ಹಿಡ್ಕೊ."

"ಈಗಲೂ ನಿಮ್ಮ ಹಟ ಉಂಟಲ್ಲ ಮಾಮಿ" ಎಂದು ಆಗಲೂ ರೇಗಿದೆ. ಅವರ ತುಟಿಯ ಮೇಲೆ ಸಣ್ಣ ನಗು ಬಂತು. "ಎಷ್ಟು ಜನರ ಕೈ ಹಿಡಿದೆ ನಾನು" ಎಂದರು, "ಒಬ್ಬರದ್ದನ್ನಾದ್ರೂ ಸುಮ್ಮನೆ ಹಿಡಿಯಲಿಕ್ಕೆ ಪುರುಸೊತ್ತಾಗ್ಲಿಲ್ಲ."

ಮೊಬೈಲನ್ನು ಮಗುಚಿ ಇಟ್ಟೆ. ಅವರ ಕೈಯನ್ನು ನನ್ನ ಎರಡೂ ಕೈಗಳ ನಡುವೆ ಇಟ್ಟುಕೊಂಡು ಕುಳಿತೆ.

ಆಮೇಲೆ ಬಂದವರೆಲ್ಲ ಕೇಳಿದ್ದು ಒಂದೇ, ಜೀವ ಹೋದದ್ದು ಎಷ್ಟು ಹೊತ್ತಿಗೆ? ತಿಥಿ ನೋಡಬೇಕು, ನಕ್ಷತ್ರ ನೋಡಬೇಕು, ಕ್ರಿಯೆಗಳಿಗೆ ಲೆಕ್ಕ ಬೇಕು. ನೀನು ಪಕ್ಕದಲ್ಲೇ ಕೂತಿದ್ದಿಯಲ್ಲ, ಅಷ್ಟೂ ಗೊತ್ತಾಗಲಿಲ್ಲವಾ ಎಂದು ಅಣ್ಣ ಅಳುತ್ತಲೇ ಗದರಿದ. ಗೊತ್ತಾಗಲಿಲ್ಲ ಎಂದೆ. ನಾನು ಎಣಿಸುತ್ತಿರಲಿಲ್ಲ, ಮಾಮಿಯ ಕೈ ಹಿಡಿದುಕೊಂಡಿದ್ದೆ.