ಗೋಡೆಯಾಚೆ ಬಂದ ಅರ್ಜಿ

ನಿನ್ನ ಅರ್ಜಿ ನಿನ್ನ ಭಾವನ ಕೈಗೆ ಸಿಕ್ಕಿದ್ದು ಪ್ರಿಂಟರಿನಿಂದ, ಮಹಾನಂದಾ — ಅಷ್ಟು ನಿಜ. ಆದರೆ ಅದನ್ನು ನೀನು ಯಾವಾಗ, ಎಲ್ಲಿ ಕೊಡಲಿದ್ದೀಯ ಎಂದು ಅವನಿಗೆ ಹೇಳಿದವಳು ನಾನು. ಯಾರೂ ನನ್ನನ್ನು ಹೆದರಿಸಿ ಹೇಳಿಸಲಿಲ್ಲ. ಅವನು ಕೇಳಿದ, ನಾನು ಹೇಳಿದೆ.

ಇಷ್ಟು ವರ್ಷ ನೀನು ಮಷೀನನ್ನೇ ಶಪಿಸುತ್ತ ಬಂದೆ. ಆ ಶಾಪ ನನಗೆ ತಾಗಬೇಕಾದದ್ದು ಎಂದು ಗೊತ್ತಿದ್ದೂ ನಾನು ಸುಮ್ಮನಿದ್ದೆ. ಸುಮ್ಮನಿರುವುದು ಎಷ್ಟು ಸುಲಭವೆಂದರೆ — ಒಂದು ದಿನ ಸುಮ್ಮನಿದ್ದರೆ ಸಾಕು, ಮರುದಿನದ್ದು ತಾನಾಗಿಯೇ ಆಗುತ್ತದೆ.

ಈ ಕಾಗದದಲ್ಲಿ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಹೇಳುತ್ತೇನೆ, ಯಾಕೆಂದರೆ ನನಗೆ ಗೊತ್ತಿದ್ದದ್ದು ಅದರ ಪಕ್ಕದಲ್ಲಿಯೇ ಇತ್ತು.

ಆಗ ಗಡಿಯಾಚೆಯ ಉಮರ್ಗಾದಲ್ಲಿ ನನ್ನದೊಂದು ಸಣ್ಣ ಅಂಗಡಿ. ಟೈಪಿಂಗ್, ಝೆರಾಕ್ಸ್, ಆನ್‌ಲೈನ್ ಫಾರ್ಮ್ ತುಂಬುವುದು. ಒಂದೇ ದೊಡ್ಡ ಕೋಣೆಯ ನಡುವೆ ಪ್ಲೈವುಡ್ ಹೊಡೆದು ಎರಡು ಅಂಗಡಿ ಮಾಡಿದ್ದರು. ಈ ಕಡೆ ನಾನು, ಆ ಕಡೆ ಬೀಜ ಗೊಬ್ಬರ ಮಾರುವ ಬಸಲಿಂಗಪ್ಪ, ನಿನ್ನ ಗಂಡನ ಅಣ್ಣ. ಜಾಗವೆಲ್ಲ ಅವನದೇ. ನನ್ನನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದ; ಅವನಾಡುವುದು ಮರಾಠಿ, ಇಲ್ಲಿ ನಮ್ಮ ಮಾತಿನಲ್ಲಿ ಬರೆಯುತ್ತೇನೆ. ದನಿ ಎತ್ತಿ ಮಾತಾಡಿದ್ದನ್ನು ನಾನು ಒಂದು ದಿನವೂ ಕೇಳಲಿಲ್ಲ.

ನನ್ನ ಹತ್ತಿರ ತಂತಿಯಿಲ್ಲದ ಪ್ರಿಂಟರ್ ಒಂದಿತ್ತು. ಬ್ಲೂಟೂತ್ ಮೇಲೆ ನಡೆಯುವಂಥದ್ದು, ಚಾರ್ಜ್ ಮಾಡಿಟ್ಟರೆ ಕರೆಂಟು ಹೋದಾಗಲೂ ಕೆಲಸ ನಿಲ್ಲುತ್ತಿರಲಿಲ್ಲ. ಅದನ್ನು ನೋಡಿ ಬಸಲಿಂಗಪ್ಪನೂ ಅಂಥದೇ ಒಂದು ತರಿಸಿದ. ಅವನ ಫೋನಿಗೆ ಅದನ್ನು ಜೋಡಿಸಲು ಬರಲಿಲ್ಲ. ನಾನೇ ಹೋಗಿ ನನ್ನ ಲ್ಯಾಪ್‌ಟಾಪಿಗೆ ಜೋಡಿಸಿ ಕೊಟ್ಟೆ. ಅಂದಿನಿಂದ ಅವನ ಬಿಲ್ಲುಗಳನ್ನು ನಾನು ಈ ಕಡೆ ಕೂತು ಟೈಪು ಮಾಡಿ ಒತ್ತಿದರೆ ಆ ಕಡೆ ಹಾಳೆ ಬರುತ್ತಿತ್ತು. ಅಂಗಡಿಗೆ ಬಂದ ರೈತರಿಗೆಲ್ಲ ಅದನ್ನು ತೋರಿಸುತ್ತಿದ್ದ. "ವೈನಿ ಅಲ್ಲಿ ಬಟನ್ ಒತ್ತತಾರ, ಇಲ್ಲಿ ಹಾಳಿ ಬರ್ತದ. ಗ್ವಾಡಿ ದಾಟಿ ಬರ್ತದ ನೋಡ್ರಿ" ಎನ್ನುತ್ತಿದ್ದ. ನನಗೂ ಅದರಲ್ಲಿ ಒಂದಿಷ್ಟು ಹೆಮ್ಮೆ ಇತ್ತು.

ಸಂತೆಯ ದಿನ ನೀನು ಗುಂಜೋಟಿಯಿಂದ ಬರುತ್ತಿದ್ದೆ. ಚೀಲಗಳನ್ನು ಭಾವನ ಅಂಗಡಿಯಲ್ಲಿಟ್ಟು ಬಜಾರು ಮಾಡುತ್ತಿದ್ದೆ. ಹೋಗುವ ಮುಂಚೆ ನನ್ನ ಹತ್ತಿರ ಬಂದು ಕೂಡುತ್ತಿದ್ದೆ. ನಿನ್ನ ತವರು ಬಸವಕಲ್ಯಾಣದ ಕಡೆ, ನನ್ನದು ಭಾಲ್ಕಿ. ದಿನವಿಡೀ ಮರಾಠಿಯಲ್ಲಿ ಮಾತಾಡಿ ಬೇಸತ್ತ ಇಬ್ಬರು ಹೆಂಗಸರು ಸ್ವಲ್ಪ ಹೊತ್ತು ನಮ್ಮ ಭಾಷೆಯಲ್ಲಿ ಮಾತಾಡುತ್ತಿದ್ದೆವು, ಅಷ್ಟೆ. ನೀನು ನನ್ನನ್ನು ನಂಬಿದ್ದಕ್ಕೆ ಬೇರೆ ಕಾರಣ ಹುಡುಕಿದರೂ ನನಗೆ ಸಿಕ್ಕಿಲ್ಲ. ನಾನು ಕನ್ನಡ ಮಾತಾಡುತ್ತಿದ್ದೆ — ಅದೊಂದೇ.

ಆ ದಿನ ನೀನು ಬಂದವಳು ಕೂಡಲಿಲ್ಲ. ಬಾಗಿಲ ಕಡೆ ಬೆನ್ನು ಮಾಡಿ ನಿಂತು ಸಣ್ಣ ದನಿಯಲ್ಲಿ ಹೇಳಿದೆ.

"ಅಕ್ಕಾ, ನಮ್ಮ ಪಲ್ಲವಿದು ಲಗ್ನ ಪಕ್ಕಾ ಮಾಡ್ಯಾರ್ರಿ. ಉದಗೀರದಾಂವ. ಭಾವನ ಹೆಂಡ್ತಿ ಕಡಿಯಾಂವ. ಮೂವತ್ತು ದಾಟ್ಯಾವ ಅವಗ."

ನಿನ್ನ ಮಗಳು ಪಲ್ಲವಿ ಆಗ ಒಂಬತ್ತನೆಯ ತರಗತಿ. ಅವಳ ಸ್ಕಾಲರ್‌ಶಿಪ್ ಫಾರ್ಮನ್ನು ನಾನೇ ತುಂಬಿದ್ದೆ. ಫೋಟೋದಲ್ಲಿ ನಗಬಾರದು ಎಂದರೂ ನಕ್ಕುಬಿಟ್ಟಿದ್ದಳು.

"ನಿನ್ನ ಗಂಡ ಏನಂತಾನ?" ಎಂದು ಕೇಳಿದೆ.

"ಅವ್ರು ಅಣ್ಣನ ಮುಂದ ಬಾಯಿ ಬಿಡಂಗಿಲ್ರಿ."

ಶಾಲೆಯ ಬಾಯಿಯೊಬ್ಬರು, ಪಲ್ಲವಿಯ ಟೀಚರು, ನಿನಗೆ ದಾರಿ ತೋರಿಸಿದ್ದರು. ತಾಲೂಕಾ ಆಫೀಸಿನಲ್ಲಿ ಬರೆದುಕೊಟ್ಟರೆ ಅವರು ಬಂದು ಲಗ್ನ ನಿಲ್ಲಿಸುತ್ತಾರೆ, ನಿನ್ನ ಹೆಸರು ಹೊರಗೆ ಬರುವುದಿಲ್ಲ ಎಂದಿದ್ದರು. ನಿನಗೆ ಮರಾಠಿ ಬರೆಯಲು ಬರುತ್ತಿರಲಿಲ್ಲ. ನೀನು ಕನ್ನಡದಲ್ಲಿ ಹೇಳುತ್ತ ಹೋದೆ, ನಾನು ಮರಾಠಿಯಲ್ಲಿ ಟೈಪು ಮಾಡಿದೆ. "ನನ್ನ ಮಗಳು ಊಟ ಬಿಟ್ಟಾಳ ಅಂತ ಬರೀರಿ" ಎಂದೆ ನೀನು. ಅಂಥದ್ದೆಲ್ಲ ಅರ್ಜಿಯಲ್ಲಿ ಬರೆಯುವುದಿಲ್ಲ ಎಂದೆ ನಾನು. "ಮತ್ತೇನು ಬರೀತಾರ್ರಿ?" ಎಂದು ನೀನು ಕೇಳಿದೆ. ನೀನು ಹೇಳಿದ ಹಾಗೆಯೇ ಬರೆದೆ.

ಪ್ರಿಂಟ್ ಒತ್ತಿದೆ. ಹೋಯಿತೆಂದು ಪರದೆಯ ಮೇಲೆ ಬಂತು. ನನ್ನ ಪ್ರಿಂಟರ್ ಅಲುಗಲಿಲ್ಲ. ಮತ್ತೊಮ್ಮೆ ಒತ್ತಿದೆ. ಅದು ಹಾಗೆಯೇ ಕೂತಿತ್ತು.

ಆಗ ಪ್ಲೈವುಡ್ಡಿನ ಆ ಕಡೆ ಸದ್ದಾಯಿತು. ಹಾಳೆ ಒಳಗೆಳೆದುಕೊಳ್ಳುವ ಸದ್ದು — ಒಂದು ಸಲ, ತುಸು ಬಿಟ್ಟು ಇನ್ನೊಂದು ಸಲ.

ಮುಂಜಾನೆ ಬಸಲಿಂಗಪ್ಪನ ಬಿಲ್ಲು ಕಳಿಸಿದ್ದೆ. ಆಮೇಲೆ ಪರದೆಯ ಪಟ್ಟಿಯಲ್ಲಿ ನನ್ನ ಪ್ರಿಂಟರಿಗೆ ಬದಲಿಸುವುದನ್ನು ಮರೆತಿದ್ದೆ. ನಿನ್ನ ಅರ್ಜಿ ಅವನ ಅಂಗಡಿಯಲ್ಲಿ ಬರುತ್ತಿತ್ತು. ಲಗ್ನ ಮಾಡಿಸುತ್ತಿರುವವನೆಂದು ಅದರಲ್ಲಿ ಅವನ ಹೆಸರಿತ್ತು.

"ಬಂತೇನ್ರಿ ಅಕ್ಕಾ?" ಎಂದು ನೀನು ಕೇಳಿದೆ.

ಇಲ್ಲಿಯವರೆಗೆ ತಪ್ಪು ಎಂದರೆ ಮರೆವು, ಅಷ್ಟೆ. ಇಲ್ಲಿಂದ ಮುಂದಿನದ್ದನ್ನು ನಾನು ನಿನಗೆ ಹೇಳಿಲ್ಲ.

ನಾನು ಎದ್ದು ಆ ಕಡೆ ಹೋದೆ, ನೆನಪಿದೆಯೇ? ಬಸಲಿಂಗಪ್ಪ ಒಬ್ಬ ರೈತನಿಗೆ ಔಷಧಿಯ ಡಬ್ಬಿ ತೋರಿಸುತ್ತ ನಿಂತಿದ್ದ. ಪ್ರಿಂಟರ್ ಅವನ ಬೆನ್ನ ಹಿಂದೆ ಇತ್ತು. ಹಾಳೆಗಳು ಬಂದು ಬಿದ್ದಿದ್ದವು, ಅವನು ತಿರುಗಿ ನೋಡಿರಲಿಲ್ಲ. ನನ್ನ ಹಾಳೆ ಈ ಕಡೆ ಬಂದಾವ್ರಿ ಎಂದು ಎತ್ತಿಕೊಂಡಿದ್ದರೆ ಮುಗಿಯುತ್ತಿತ್ತು. ಹಿಂದೆಯೂ ಹಾಗೆ ಎತ್ತಿಕೊಂಡು ಬಂದಿದ್ದೇನೆ, ಅವನು ಕೇಳಿದವನಲ್ಲ. ಆದರೆ ಅಂದು — ಕೈಯಲ್ಲಿ ಆ ಹಾಳೆ ಇದ್ದಾಗ ಅವನು ತೋರಿಸ್ರಿ ಎಂದುಬಿಟ್ಟರೆ? ಟೈಪು ಮಾಡಿದವರು ಯಾರೆಂದು ಕೇಳಿದರೆ?

"ಏನ್ ವೈನಿ?" ಎಂದ.

"ಏನಿಲ್ರಿ. ಕರೆಂಟ್ ಹೋಗ್ಯಾದ ಏನು ನೋಡ್ಲಿಕ್ಕ ಬಂದೆ."

ಅವನ ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಅವನು ಅದನ್ನು ನೋಡಿದ, ನನ್ನನ್ನು ನೋಡಿದ. ನಾನು ಮರಳಿ ಬಂದೆ.

ಪ್ರಿಂಟರ್ ಚಾರ್ಜ್ ಮುಗಿದಿದೆ, ನಾಳೆ ಬಾ ಎಂದು ನಿನಗೆ ಹೇಳಿದೆ. ಸುಳ್ಳು. ಪಟ್ಟಿಯಲ್ಲಿ ನನ್ನ ಪ್ರಿಂಟರ್ ಆರಿಸಿ ಒತ್ತಿದ್ದರೆ ಅಲ್ಲಿಯೇ ಹಾಳೆ ಬಂದು ನಿನ್ನ ಕೈಗೆ ಸೇರುತ್ತಿತ್ತು, ನೀನು ಆ ಗಳಿಗೆಯೇ ತಾಲೂಕಾ ಆಫೀಸಿಗೆ ಹೋಗುತ್ತಿದ್ದೆ. ಆದರೆ ನನಗೆ ಆಗ ಬೇಕಾಗಿದ್ದದ್ದು ಒಂದೇ. ನೀನು ನನ್ನ ಅಂಗಡಿಯಿಂದ ಏಳಬೇಕು. ಅವನು ಹಾಳೆ ಹಿಡಿದು ಬಂದಾಗ ನೀನು ಅಲ್ಲಿ ಇರಬಾರದು.

ನೀನು ಚೀಲ ಎತ್ತಿಕೊಳ್ಳಲು ಆ ಕಡೆ ಹೋದೆ. "ಆಯ್ತೇನವಾ ಸಂತಿ?" ಎಂದು ಅವನು ಕೇಳಿದ್ದು ನನಗೆ ಕೇಳಿಸಿತು. ಮೆತ್ತಗಿನ ದನಿ. ಅಷ್ಟರಲ್ಲಿ ಓದಿದ್ದನೋ ಇಲ್ಲವೋ ನನಗೆ ಇಂದಿಗೂ ತಿಳಿಯದು.

ಸಂಜೆ ಬಂದ. ಎರಡೂ ಹಾಳೆಗಳನ್ನು ನೀಟಾಗಿ ಮಡಚಿ ಅಂಗಿಯ ಜೇಬಿನಲ್ಲಿಟ್ಟಿದ್ದ. ಸ್ಟೂಲ್ ಎಳೆದುಕೊಂಡು ಕೂತ. ನನ್ನ ಮಕ್ಕಳ ಶಾಲೆಯ ವಿಷಯ ಕೇಳಿದ. ಅಂಗಡಿಯ ತಗಡು ಸೋರುತ್ತದೆ ಎಂದಿದ್ದೆನಲ್ಲ, ಮಳೆಗಾಲದೊಳಗೆ ಹಾಕಿಸಿ ಕೊಡುತ್ತೇನೆ ಎಂದ. ಆಮೇಲೆ ಹಾಳೆ ತೆಗೆದು ಟೇಬಲ್ಲಿನ ಮೇಲೆ ಬಿಡಿಸಿಟ್ಟ.

"ಯಾವಾಗ ಕೊಡ್ತಾಳಂತ?"

ನನಗೆ ಗೊತ್ತಿಲ್ಲ ಎನ್ನಬಹುದಿತ್ತು. ಕೊಟ್ಟು ಬಂದಾಳ್ರಿ, ಸಾಹೇಬರು ನಾಳೆ ಊರಿಗೆ ಬರ್ತಾರಂತ ಎಂದುಬಿಟ್ಟಿದ್ದರೆ ಅವನೇ ಹೆದರುತ್ತಿದ್ದ. ಆ ಮಾತು ನನಗೆ ಎಷ್ಟೋ ವರ್ಷಗಳ ಮೇಲೆ ಹೊಳೆಯಿತು. ಅಂದು ನಾನು ಹೇಳಿದ್ದು ಇಷ್ಟು:

"ನಾಳಿ ಮುಂಜಾನಿ ಬರ್ತಾಳ್ರಿ. ಇಲ್ಲಿಂದ ಸೀದಾ ತಾಲೂಕಾ ಆಫೀಸಿಗೆ ಹೋಗ್ತಾಳ."

ಅವನು ತಲೆಯಾಡಿಸಿದ. ಹಾಳೆಗಳನ್ನು ಮತ್ತೆ ಮಡಚಿದ. ಏಳುವಾಗ, "ಪ್ರಿಂಟರ್ ಚಲೋ ಕೂಡಿಸಿ ಕೊಟ್ಟೀರಿ ವೈನಿ" ಎಂದ. ನಗಲಿಲ್ಲ.

ಅವನು ಹೋದ ಮೇಲೆ ನಿನಗೆ ಫೋನು ಮಾಡಿದೆ. ಒಂದು ಸಲ ಬಡಿಯಿತು, ಕತ್ತರಿಸಿದೆ. ಕೂಡಲೇ ನಿನ್ನಿಂದ ಫೋನು ಬಂತು. ನಾನು ಅದನ್ನು ಕೈಯಲ್ಲಿ ಹಿಡಿದುಕೊಂಡು ಅದು ನಿಲ್ಲುವವರೆಗೆ ನೋಡುತ್ತ ಕೂತೆ.

ಮರುದಿನ ನೀನು ಬರಲಿಲ್ಲ. ಪಕ್ಕದ ಅಂಗಡಿಯ ಷಟರ್ ತೆರೆಯಲಿಲ್ಲ. ಒಳಗೆ ಬೀಜದ ಮೂಟೆಗಳ ವಾಸನೆ, ಪ್ಲೈವುಡ್ಡಿನ ಸಂದಿನಿಂದ ದಿನವೂ ಬರುವಂಥದ್ದೇ, ಅಂದೂ ಬರುತ್ತಿತ್ತು. ಪ್ರತಿ ಸಲ ಬಾಗಿಲಿನಲ್ಲಿ ನೆರಳು ಬಿದ್ದಾಗ ನೀನೆಂದು ತಲೆಯೆತ್ತಿದೆ. ಮಧ್ಯಾಹ್ನದ ಮೇಲೆ ಚಹಾದಂಗಡಿಯವನು ಹೇಳಿದ. ಬಸಲಿಂಗಣ್ಣನ ತಮ್ಮನ ಮಗಳ ಲಗ್ನ ವಲಾಂಡಿ ಹತ್ತಿರ ಯಾರದೋ ಹೊಲದಲ್ಲಿ ಬೆಳಗಾಗುವುದರೊಳಗೆ ಆಗಿಹೋಯಿತಂತೆ. ಅಲ್ಲಿಂದಲೇ ಹುಡುಗಿಯನ್ನು ಉದಗೀರಕ್ಕೆ ಕರೆದೊಯ್ದರಂತೆ.

ನೀನು ಆ ಹೊತ್ತಿಗೆ ಎಲ್ಲಿದ್ದೆ ಎಂಬುದು ನನಗೆ ನಿನ್ನ ಬಾಯಿಂದಲೇ ತಿಳಿಯಿತು. ಕೆಲವು ದಿನ ಬಿಟ್ಟು ನೀನು ಬಂದೆ. ತವರಿನಲ್ಲಿ ಅವ್ವ ಬಿದ್ದಿದ್ದಾಳೆ, ಉಳಿಯುವುದಿಲ್ಲ ಎಂದು ಹೇಳಿ ನಿನ್ನನ್ನು ಆ ಸಂಜೆಯೇ ಜೀಪಿನಲ್ಲಿ ಕೂಡಿಸಿದ್ದರು. ದಾರಿಯುದ್ದಕ್ಕೂ ಅತ್ತುಕೊಂಡು ಹೋದೆ. ಹೋಗಿ ನೋಡಿದರೆ ನಿನ್ನವ್ವ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ನಿನ್ನನ್ನು ನೋಡಿ ಅವಳಿಗೆ ಖುಷಿಯಾಯಿತಂತೆ. ಆಗ ನಿನಗೆ ಎಲ್ಲ ತಿಳಿಯಿತು. ಜೀಪು ಹೊರಟುಹೋಗಿತ್ತು.

"ಯಾರು ಹೇಳಿರಬೇಕ್ರಿ ಅಕ್ಕಾ?" ಎಂದು ಕೇಳಿದೆ. ನನ್ನ ಮೇಲೆ ಅನುಮಾನದಿಂದಲ್ಲ. ನಿನಗೆ ಕೇಳಲು ಬೇರೆ ಯಾರೂ ಇರಲಿಲ್ಲ.

ನಾನು ಪ್ರಿಂಟರಿನ ಕಥೆ ಹೇಳಿದೆ. ಆ ಕಡೆ ಹೋಗಿಬಿಟ್ಟದ, ನನಗ ಗೊತ್ತೇ ಆಗ್ಲಿಲ್ಲ ಎಂದೆ. ಹೇಳುತ್ತ ಅಳುತ್ತಲೂ ಇದ್ದೆ. ಆ ಅಳು ಸುಳ್ಳಲ್ಲ, ಆದರೆ ಅದು ನಿನಗಾಗಿಯೂ ಅಲ್ಲ. ನೀನು ನನ್ನ ಬೆನ್ನ ಮೇಲೆ ಕೈಯಿಟ್ಟೆ.

"ನೀವೇನು ಮಾಡ್ತೀರಿ ಅಕ್ಕಾ. ಮಷೀನ್ ಅದು. ಅದಕ್ಕೇನು ಕಣ್ಣವ?"

ಅಲ್ಲಿಗೆ ಮುಗಿಯಲಿಲ್ಲ. ನೀನು ಇನ್ನೊಮ್ಮೆ ಅರ್ಜಿ ತೆಗೆದುಕೊಡಲು ಕೇಳಿದೆ. ಲಗ್ನ ಆದರೂ ಕೊಡಬಹುದಂತೆ, ಶಾಲಿ ಬಾಯಿ ಹೇಳ್ಯಾರ ಎಂದೆ ನೀನು. ಅದು ನನ್ನ ಲ್ಯಾಪ್‌ಟಾಪಿನಲ್ಲಿ, ನಿನ್ನ ಕಣ್ಣೆದುರಿನ ಪರದೆಯಲ್ಲಿಯೇ ಇತ್ತು. ಗೋಡೆಯ ಆ ಕಡೆ ಯಾರೋ ಕೆಮ್ಮಿದರು. ಅಳಿಸಿ ಹೋಗಿದೆ ಎಂದೆ ನಾನು. ಆದದ್ದು ಆಗ್ಯಾದ, ಇನ್ನ ಹುಡುಗಿ ಬಾಳೇ ಕೆಡ್ತದ, ಸುಮ್ನಿರು ಎಂದು ಬುದ್ಧಿಯನ್ನೂ ಹೇಳಿದೆ.

ನೀನು ಆ ಅರ್ಜಿಯ ಮಾತು ಮತ್ತೆ ಎತ್ತಲಿಲ್ಲ. ಆಮೇಲೆ ಸಂತೆಗೂ ಬರುವುದು ಕಡಿಮೆಯಾಯಿತು.

ಮಳೆಗಾಲದ ಮುಂಚೆ ಬಸಲಿಂಗಪ್ಪ ಹೊಸ ತಗಡು ಹಾಕಿಸಿಕೊಟ್ಟ. ಆ ಮಳೆಗಾಲ ನನ್ನ ಅಂಗಡಿ ಸೋರಲಿಲ್ಲ. ಬಿಲ್ಲು ಕಳಿಸುವುದೂ ನಿಲ್ಲಲಿಲ್ಲ. ನಾನು ಒತ್ತುತ್ತಿದ್ದೆ, ಆ ಕಡೆ ಸದ್ದಾಗುತ್ತಿತ್ತು. ನನ್ನ ಗಂಡನಿಗೆ ನಿಲಂಗಾಕ್ಕೆ ಬದಲಿಯಾದಾಗ ದೇವರೇ ದಾರಿ ಮಾಡಿದ ಎಂದುಕೊಂಡೆ. ಅಂಗಡಿ ಬಿಟ್ಟು ಇಲ್ಲಿಗೆ ಬಂದೆ. ಇಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ — ಅದೇ ಸಮಾಧಾನ ಎಂದುಕೊಂಡರೆ, ಅದೇ ಹಗಲಿರುಳು ಹಿಂಡತೊಡಗಿತು.

ಹೋದ ವರ್ಷ ಉದಗೀರದ ಬಸ್‌ಸ್ಟ್ಯಾಂಡಿನಲ್ಲಿ ಪಲ್ಲವಿ ಸಿಕ್ಕಳು. ನಾನು ಗುರುತಿಸಲಿಲ್ಲ, ಅವಳೇ ಬಂದು ಮಾತಾಡಿಸಿದಳು. ಸೊಂಟದ ಮೇಲೊಂದು ಕೂಸು, ಹೊಟ್ಟೆಯಲ್ಲಿ ಇನ್ನೊಂದು. ಮುಖ ಬಿಳಿಚಿಕೊಂಡಿತ್ತು. ಎಡಗೈಯ ಒಂದು ಬೆರಳು ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ನಾನು ಅದನ್ನು ನೋಡಿದ್ದನ್ನು ನೋಡಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಅತ್ತಿ, ಹತ್ತನೇದು ಹೊರಗಿನಿಂದ ಕಟ್ಲಿಕ್ಕ ಬರ್ತದೇನ್ರಿ? ಫಾರಮ್ ನೀವೇ ತುಂಬಿ ಕೊಡ್ತೀರೇನು?"

ಕೊಡುತ್ತೇನೆ ಎಂದೆ. ಅಷ್ಟರಲ್ಲಿ ದೂರದಿಂದ ಒಬ್ಬ ಗಂಡಸು ಅವಳ ಹೆಸರು ಕರೆದ. ಹೆಸರಷ್ಟೇ ಕರೆದ. ಅವಳು ಮಾತನ್ನು ನಡುವೆಯೇ ಬಿಟ್ಟು ಹೋದ ರೀತಿ — ಅದನ್ನು ನಿನಗೆ ಹೇಗೆ ಹೇಳಲಿ ಮಹಾನಂದಾ, ನೀನು ಅವಳನ್ನು ಹೆತ್ತವಳು.

ಆ ಮೇಲೆ ನಾನು ಒಮ್ಮೆ ಗುಂಜೋಟಿಗೆ ಬಂದಿದ್ದೆ, ಹೇಳಿಬಿಡಬೇಕೆಂದೇ. ನೀನು ಚಹಾ ಮಾಡಿದೆ. ನನ್ನ ಮಂಡಿನೋವು ಕೇಳಿದೆ. ಹೊರಡುವಾಗ ಒಂದು ಚೀಲ ತೊಗರಿಬೇಳೆ ಕಟ್ಟಿಕೊಟ್ಟೆ. ನಾನು ಅದನ್ನು ತೆಗೆದುಕೊಂಡು ಬಂದೆ. ಹೇಳದೆ ಬಂದೆ.

ನನಗೂ ಮಕ್ಕಳಿದ್ದರು, ಅಂಗಡಿಯ ಜಾಗ ಅವನದಾಗಿತ್ತು — ಇದನ್ನೆಲ್ಲ ಮೊದಲು ಬರೆದಿದ್ದೆ, ಆಮೇಲೆ ಹೊಡೆದುಹಾಕಿದೆ. ನಿನಗೂ ಮಗಳಿದ್ದಳು. ನೀನಿದ್ದ ಮನೆಯೂ ಅವನದೇ. ಆದರೂ ನೀನು ಬಂದು ನನ್ನ ಎದುರು ನಿಂತಿದ್ದೆ.

ಇಲ್ಲಿಯ ವಕೀಲರೊಬ್ಬರನ್ನು ಕೇಳಿದ್ದೇನೆ, ಹೆಸರು ಹೇಳದೆ. ಲಗ್ನ ಮುರಿಯಲು ಪಲ್ಲವಿ ಮನಸ್ಸು ಮಾಡಿದರೆ ಇನ್ನೂ ಕಾಲ ಮೀರಿಲ್ಲವಂತೆ, ಅವಳಿಗೆ ಇಪ್ಪತ್ತು ತುಂಬುವುದರೊಳಗೆ ಕೇಳಬೇಕಂತೆ. ಬಸಲಿಂಗಪ್ಪನಿಗೆ ಅವಳ ವಯಸ್ಸು ಗೊತ್ತಿತ್ತು, ತಾಯಿಯ ವಿರೋಧ ಗೊತ್ತಿತ್ತು, ಗೊತ್ತಿದ್ದೂ ಕದ್ದು ಲಗ್ನ ಮಾಡಿಸಿದ ಎನ್ನಲು ಒಬ್ಬರು ಸಾಕ್ಷಿ ಬೇಕು. ನಾನು ಹೇಳುತ್ತೇನೆ. ಅವನಿಗೆ ನಾನು ಹೇಳಿಕೊಟ್ಟದ್ದನ್ನೂ ಸೇರಿಸಿಯೇ ಹೇಳುತ್ತೇನೆ. ನನ್ನ ಗಂಡನಿಗೆ ನಿನ್ನೆ ಹೇಳಿದೆ. ಅವರು ಊಟ ಬಿಟ್ಟು ಎದ್ದುಹೋದರು.

ಸೋಮವಾರ ಮೊದಲ ಬಸ್ಸಿಗೆ ಬರುತ್ತೇನೆ. ಈ ಸಲ ಒಳಗೆ ಬರುವುದಿಲ್ಲ; ಈ ಕಾಗದ ಅಷ್ಟರೊಳಗೆ ನಿನಗೆ ಮುಟ್ಟಿದ್ದರೂ ಬಾಗಿಲಿನಲ್ಲಿ ನಿಂತು ಇದನ್ನೆಲ್ಲ ನನ್ನ ಬಾಯಿಂದಲೇ ಹೇಳುತ್ತೇನೆ. ಚಹಾಕ್ಕೆ ಇಡಬೇಡ. ಹೇಳಿ ಮುಗಿಸಿದ ಮೇಲೆ ನೀನು ಬಾಗಿಲು ಹಾಕಿಕೊಂಡರೆ ಹಾಕಿಕೊ. ನಾನು ಕಟ್ಟೆಯ ಮೇಲೆ ಕೂತಿರುತ್ತೇನೆ. ಪಲ್ಲವಿಗಾಗಿ ಸಾಕ್ಷಿ ಹೇಳಲು ನಾನು ಎಲ್ಲಿಗೆ ಬಂದು ನಿಲ್ಲಬೇಕೋ ಅದನ್ನು ಒಳಗಿನಿಂದ ಹೇಳಿದರೂ ಸಾಕು. ಅಕ್ಕಾ ಎಂದು ಮಾತ್ರ ಕರೆಯಬೇಡ.